ಕರುಳಿನ ಬ್ಯಾಕ್ಟೀರಿಯಾ ದೇಹಕ್ಕೆ ಹೇಗೆ ಗೊತ್ತಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಟ್ಟೆ ಕೆಟ್ಟರೆ ‘ಇಮ್ಯುನಿಟಿ ಕಡಿಮೆ ಆಗಿದೆ’ ಅನ್ನುತ್ತೇವೆ. ಅಂಗಡಿಗೆ ಹೋದರೆ ಇಮ್ಯುನಿಟಿ ಹೆಚ್ಚಿಸುತ್ತೇವೆ ಅನ್ನುವ ಪುಡಿ, ಸಿರಪ್ಪು ಸಾಲಾಗಿ ಕೂತಿರುತ್ತವೆ. ಆದರೆ ಕರುಳಿನಲ್ಲಿ ರೋಗನಿರೋಧಕ ವ್ಯವಸ್ಥೆ ಹೊಡೆದಾಡುವುದಕ್ಕಿಂತ ನೋಡುವುದು, ಅಳೆಯುವುದು, ಗೊತ್ತಿದ್ದೂ ಸುಮ್ಮನಿರುವುದೇ ಜಾಸ್ತಿ. ಆ ನೋಡುವ ಕೆಲಸ ಹೇಗೆ ನಡೆಯುತ್ತದೆ ಎಂಬ ಬಗ್ಗೆ ಜನ ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಮೊದಲಿಂದ ಓದಬಹುದು, ಬೇಕಾದ ಪ್ರಶ್ನೆಗೆ ನೇರವಾಗಿಯೂ ಹೋಗಬಹುದು. ಆದರೆ ಐದನೇ ಪ್ರಶ್ನೆಯನ್ನು ಮಾತ್ರ ಬಿಡಬೇಡಿ.

1. ನಮ್ಮ ಕರುಳಿನಲ್ಲಿ ನಿಜಕ್ಕೂ ಎಷ್ಟು ಬ್ಯಾಕ್ಟೀರಿಯಾ ಇವೆ?

ಒಬ್ಬ ವಯಸ್ಕರ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರಾನ್ ಮಿಲೊ ಮತ್ತು ಸಂಗಡಿಗರು 2016ರಲ್ಲಿ ಹಾಕಿದ ಲೆಕ್ಕ ಇದು. ನಮ್ಮದೇ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ‘ನಮ್ಮ ಕೋಶಗಳಿಗಿಂತ ಬ್ಯಾಕ್ಟೀರಿಯಾ ಹತ್ತು ಪಟ್ಟು ಜಾಸ್ತಿ’ ಎಂಬ ಮಾತು ಇವತ್ತಿಗೂ ಓಡಾಡುತ್ತಿದೆ, ಆದರೆ ಅದು ಹಳೆಯ ಅಂದಾಜು. ಎಲ್ಲ ಬ್ಯಾಕ್ಟೀರಿಯಾ ಸೇರಿಸಿ ತೂಗಿದರೆ ಸುಮಾರು 200 ಗ್ರಾಂ.

ಇವುಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಜಠರದಲ್ಲಿ ಆಮ್ಲ ಇದೆ. ಸಣ್ಣ ಕರುಳಿನ ಮೇಲ್ಭಾಗದಲ್ಲಿ ಪಿತ್ತರಸ ಇದೆ, ಆಹಾರವೂ ಬೇಗ ಬೇಗ ಮುಂದೆ ಸಾಗುತ್ತದೆ. ಅಲ್ಲಿ ಬೇರೂರಿ ನಿಲ್ಲುವುದು ಬ್ಯಾಕ್ಟೀರಿಯಾಕ್ಕೆ ಕಷ್ಟ.

2. ಅಷ್ಟೊಂದು ಬ್ಯಾಕ್ಟೀರಿಯಾ ಪಕ್ಕದಲ್ಲೇ ಇದ್ದರೂ ಯಾಕೆ ದಿನಾ ಜ್ವರ ಬರುವುದಿಲ್ಲ?

ಪಕ್ಕದಲ್ಲಿವೆ ನಿಜ, ಆದರೆ ಮುಟ್ಟುವಷ್ಟು ಹತ್ತಿರ ಇಲ್ಲ. ಕರುಳಿನ ಒಳಗೋಡೆ ಒಂದೇ ಒಂದು ಸಾಲು ಜೀವಕೋಶಗಳಿಂದ ಆದದ್ದು. ಆ ಸಾಲಿನ ಒಂದು ಕಡೆ ಬ್ಯಾಕ್ಟೀರಿಯಾ, ಇನ್ನೊಂದು ಕಡೆ ನಮ್ಮ ರಕ್ತನಾಳಗಳು. ಮೂರರಿಂದ ಐದು ದಿನಕ್ಕೊಮ್ಮೆ ಹಳೆಯ ಕೋಶಗಳು ಉದುರಿ ಹೊಸವು ಬರುತ್ತವೆ. ಪಕ್ಕಪಕ್ಕದ ಕೋಶಗಳ ನಡುವಿನ ಸಂದನ್ನು ಪ್ರೊಟೀನುಗಳು ಬಿಗಿಯಾಗಿ ಹೊಲಿದಿರುತ್ತವೆ.

ಈ ಸಾಲಿನ ಮೇಲೆ ಲೋಳೆ ಇದೆ. ಗಾಬ್ಲೆಟ್ ಕೋಶಗಳು ಇದನ್ನು ತಯಾರಿಸುತ್ತಲೇ ಇರುತ್ತವೆ. ದೊಡ್ಡ ಕರುಳಿನಲ್ಲಿ ಲೋಳೆ ಎರಡು ಪದರವಾಗಿರುತ್ತದೆ. ಹೊರಪದರ ಸಡಿಲ, ಅದರಲ್ಲಿ ಬ್ಯಾಕ್ಟೀರಿಯಾ ತುಂಬಿರುತ್ತವೆ. ಒಳಪದರ ಗಟ್ಟಿ, ಅದರೊಳಗೆ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಗುನ್ನಾರ್ ಹಾನ್ಸನ್ ಅವರ ತಂಡ ಇದನ್ನು 2008ರಲ್ಲಿ ಇಲಿಗಳಲ್ಲಿ ತೋರಿಸಿತು. ಆ ಲೋಳೆಯ ಮುಖ್ಯ ಪ್ರೊಟೀನು ಇಲ್ಲದ ಇಲಿಗಳಲ್ಲಿ ಬ್ಯಾಕ್ಟೀರಿಯಾ ಗೋಡೆಗೇ ಬಂದು ಅಂಟಿಕೊಂಡಿದ್ದವು, ಕರುಳು ಕೆರಳಿತ್ತು.

ಸಣ್ಣ ಕರುಳಿನಲ್ಲಿ ಲೋಳೆ ಇಷ್ಟು ಗಟ್ಟಿ ಇಲ್ಲ. ಆಹಾರ ಹೀರಿಕೊಳ್ಳಬೇಕಲ್ಲ! ಅಲ್ಲಿ ಬೇರೆ ಏರ್ಪಾಡು. ಗೋಡೆಯ ಗುಳಿಗಳ ತಳದಲ್ಲಿ ಪ್ಯಾನೆತ್ ಕೋಶಗಳಿವೆ. ಅವು ಡಿಫೆನ್ಸಿನ್, ಲೈಸೊಜೈಮ್‌ನಂಥ ಬ್ಯಾಕ್ಟೀರಿಯಾ ಕೊಲ್ಲುವ ಪ್ರೊಟೀನುಗಳನ್ನು ಸುರಿಸುತ್ತವೆ. ಅಮೆರಿಕದ ಡಲ್ಲಾಸ್‌ನ ಲೋರಾ ಹೂಪರ್ ತಂಡ 2011ರಲ್ಲಿ ಒಂದು ಸೊಗಸಾದ ಸಂಗತಿ ಕಂಡಿತು. ಇಲಿಯ ಸಣ್ಣ ಕರುಳಿನಲ್ಲಿ ಗೋಡೆಗೂ ಬ್ಯಾಕ್ಟೀರಿಯಾಕ್ಕೂ ನಡುವೆ ಸುಮಾರು 50 ಮೈಕ್ರೊಮೀಟರ್ ಜಾಗ ಖಾಲಿ ಇರುತ್ತದೆ. ಒಂದು ಮಿಲಿಮೀಟರನ್ನು ಇಪ್ಪತ್ತು ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ. ಇಷ್ಟು ಕಿರಿದಾದ ಜಾಗವನ್ನು ಖಾಲಿ ಇಡಲು ರೆಗ್-3 ಗಾಮಾ ಎಂಬ ಪ್ರೊಟೀನು ಬೇಕೇ ಬೇಕು.

3. ‘ಇದು ಬ್ಯಾಕ್ಟೀರಿಯಾ’ ಅಂತ ಜೀವಕೋಶಕ್ಕೆ ಗೊತ್ತಾಗುವುದಾದರೂ ಹೇಗೆ?

ನಮ್ಮ ಕೋಶಗಳಲ್ಲಿ ಎಂದೂ ಇರದ, ಆದರೆ ಬ್ಯಾಕ್ಟೀರಿಯಾ ಬಿಟ್ಟುಕೊಡಲಾಗದ ಕೆಲವು ವಸ್ತುಗಳಿವೆ. ಹೊರಕವಚದ ಎಲ್‌ಪಿಎಸ್ ಎಂಬ ಕೊಬ್ಬು-ಸಕ್ಕರೆಯ ಅಣು, ಈಜಲು ಬಳಸುವ ಬಾಲದ ಫ್ಲಜೆಲಿನ್ ಪ್ರೊಟೀನು, ಗೋಡೆಯ ಪೆಪ್ಟಿಡೊಗ್ಲೈಕಾನ್ ಇಂಥವು. ಇವನ್ನು ಹಿಡಿಯಲು ನಮ್ಮ ಕೋಶಗಳಲ್ಲಿ ಹುಟ್ಟಿನಿಂದಲೇ ಗ್ರಾಹಕಗಳಿವೆ. ಯಾರೂ ಕಲಿಸಬೇಕಿಲ್ಲ, ಮೊದಲೇ ಸೋಂಕು ಆಗಿರಬೇಕು ಎಂದೂ ಇಲ್ಲ.

ಇಂಥ ಗ್ರಾಹಕಗಳು ಇರಲೇಬೇಕು ಎಂದು 1989ರಲ್ಲಿ ವಾದಿಸಿದವರು ಯೇಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಜೇನ್‌ವೇ. ಆಗ ಕೈಯಲ್ಲಿ ಪುರಾವೆ ಇರಲಿಲ್ಲ, ತರ್ಕ ಮಾತ್ರ ಇತ್ತು. ಪುರಾವೆ ಬಂದದ್ದು ಹಣ್ಣಿನ ನೊಣದಿಂದ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಜೂಲ್ಸ್ ಹಾಫ್‌ಮನ್ ತಂಡ 1996ರಲ್ಲಿ ನೊಣದ ‘ಟೋಲ್’ ಜೀನು ಕೆಟ್ಟರೆ ಅದು ಶಿಲೀಂಧ್ರದ ಸೋಂಕಿಗೆ ಸುಲಭವಾಗಿ ಬಲಿಯಾಗುತ್ತದೆ ಎಂದು ತೋರಿಸಿತು. ಮರುವರ್ಷ ಜೇನ್‌ವೇ ಮತ್ತು ರುಸ್ಲಾನ್ ಮೆಡ್‌ಜಿಟೊವ್ ಮನುಷ್ಯರಲ್ಲೂ ಅದೇ ಥರದ್ದು ಇದೆ ಎಂದರು. 1998ರಲ್ಲಿ ಬ್ರೂಸ್ ಬ್ಯೂಟ್ಲರ್, ಎಲ್‌ಪಿಎಸ್ ಕೊಟ್ಟರೂ ಏನೂ ಆಗದ ಒಂದು ಇಲಿ ತಳಿಯ ಜೀನು ಹುಡುಕುತ್ತಾ ಹೋಗಿ ಟಿಎಲ್‌ಆರ್-4 ಎಂಬ ಗ್ರಾಹಕ ಕಂಡುಕೊಂಡರು. ಹಾಫ್‌ಮನ್ ಮತ್ತು ಬ್ಯೂಟ್ಲರ್‌ಗೆ 2011ರಲ್ಲಿ ನೊಬೆಲ್ ಬಂತು. ಜೇನ್‌ವೇ 2003ರಲ್ಲೇ ತೀರಿಕೊಂಡಿದ್ದರು. ಈ ಕಥೆ ಹೇಳುವಾಗ ಅವರ ಹೆಸರನ್ನು ಬಿಡಬಾರದು.

ಮನುಷ್ಯರಲ್ಲಿ ಇಂಥ ಟೋಲ್ ಮಾದರಿ ಗ್ರಾಹಕಗಳು (ಚಿಕ್ಕದಾಗಿ ಟಿಎಲ್‌ಆರ್) ಹತ್ತು ಬಗೆ. ಟಿಎಲ್‌ಆರ್-4 ಎಲ್‌ಪಿಎಸ್ ಹಿಡಿಯುತ್ತದೆ. ಟಿಎಲ್‌ಆರ್-5 ಫ್ಲಜೆಲಿನ್ ಹಿಡಿಯುತ್ತದೆ. ಟಿಎಲ್‌ಆರ್-2 ಕೊಬ್ಬು ಅಂಟಿದ ಪ್ರೊಟೀನುಗಳನ್ನು, ಟಿಎಲ್‌ಆರ್-9 ಬ್ಯಾಕ್ಟೀರಿಯಾದ ಡಿಎನ್‌ಎಯನ್ನು.

4. ಬ್ಯಾಕ್ಟೀರಿಯಾ ಕೋಶದ ಒಳಗೇ ನುಗ್ಗಿದರೆ?

ಅದಕ್ಕೂ ವ್ಯವಸ್ಥೆ ಇದೆ. ಕೋಶದ ಒಳದ್ರವದಲ್ಲಿ ನಾಡ್-1, ನಾಡ್-2 ಎಂಬ ಗ್ರಾಹಕಗಳು ಪೆಪ್ಟಿಡೊಗ್ಲೈಕಾನ್‌ನ ಚೂರುಗಳಿಗಾಗಿ ಕಾಯುತ್ತಿರುತ್ತವೆ. ಇನ್ನೊಂದು ಗುಂಪು ಒಳಗೆ ಸಿಕ್ಕ ಫ್ಲಜೆಲಿನ್ ಅನ್ನೂ, ಸಾಲ್ಮೊನೆಲ್ಲಾದಂಥ ಕಾಯಿಲೆ ತರುವ ಬ್ಯಾಕ್ಟೀರಿಯಾ ನಮ್ಮ ಕೋಶಕ್ಕೆ ಚುಚ್ಚುವ ಸೂಜಿಯ ಪ್ರೊಟೀನನ್ನೂ ಹಿಡಿಯುತ್ತದೆ. ಹಿಡಿದ ಕೂಡಲೇ ಅಪಾಯದ ಸುದ್ದಿ ಹೊರಗೆ ಹೋಗುತ್ತದೆ. ಎಷ್ಟೋ ಸಲ ಆ ಕೋಶ ತಾನೇ ಸತ್ತು ಸಾಲಿನಿಂದ ಉದುರಿಹೋಗುತ್ತದೆ. ಒಳಗಿದ್ದ ಬ್ಯಾಕ್ಟೀರಿಯಾವೂ ಅದರ ಜೊತೆಗೇ ಹೊರಗೆ.

5. ಒಳ್ಳೆಯ ಬ್ಯಾಕ್ಟೀರಿಯಾ ಯಾವುದು, ಕೆಟ್ಟದ್ದು ಯಾವುದು ಅಂತ ದೇಹಕ್ಕೆ ಹೇಗೆ ತಿಳಿಯುತ್ತದೆ?

ಎಲ್ಲರೂ ಕೇಳುವ ಪ್ರಶ್ನೆ ಇದೇ. ಪ್ರಶ್ನೆಯೊಳಗೇ ಒಂದು ತಪ್ಪು ಕಲ್ಪನೆ ಅಡಗಿದೆ. ಮೇಲೆ ಹೇಳಿದ ಗ್ರಾಹಕಗಳಿಗೆ ಒಳ್ಳೆಯದು, ಕೆಟ್ಟದ್ದು ಎಂಬ ಭೇದ ಗೊತ್ತಿಲ್ಲ. ಕರುಳಿನಲ್ಲಿ ವರ್ಷಗಟ್ಟಲೆ ತೆಪ್ಪಗೆ ಇರುವ ಇ. ಕೋಲಿಯಲ್ಲೂ ಎಲ್‌ಪಿಎಸ್ ಇದೆ, ಕಾಯಿಲೆ ತರುವ ಸಾಲ್ಮೊನೆಲ್ಲಾದಲ್ಲೂ ಇದೆ. ಎರಡಕ್ಕೂ ಬಾಲ ಇರಬಹುದು. ಅಣುವನ್ನಷ್ಟೇ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ.

ದೇಹ ನೋಡುವುದು ಮುಖ್ಯವಾಗಿ ಜಾಗವನ್ನು. ಜಗಲಿಯಲ್ಲಿ ಕೂತು ಹೋಗುವವರನ್ನು ಯಾರೂ ಏನೂ ಕೇಳುವುದಿಲ್ಲ, ಅದೇ ಮನುಷ್ಯ ನಡುರಾತ್ರಿ ದೇವರಮನೆಯಲ್ಲಿ ಕಂಡರೆ ಊರೇ ಎದ್ದು ಬರುತ್ತದೆ. ಟಿಎಲ್‌ಆರ್-5 ಇದಕ್ಕೆ ಒಳ್ಳೆ ಉದಾಹರಣೆ. ಕರುಳಿನ ಗೋಡೆಯ ಕೋಶಗಳಲ್ಲಿ ಅದು ಇರುವುದು ಆಹಾರ ಹರಿಯುವ ಬದಿಯಲ್ಲಿ ಅಲ್ಲ, ರಕ್ತದ ಬದಿಯಲ್ಲಿ. ಆ್ಯಂಡ್ರೂ ಗೆವಿರ್ಟ್ಜ್ ಮತ್ತು ಸಂಗಡಿಗರು 2001ರಲ್ಲಿ ಇದನ್ನು ತೋರಿಸಿದರು. ಕರುಳಿನ ಟೊಳ್ಳಿನಲ್ಲಿ ಎಷ್ಟು ಫ್ಲಜೆಲಿನ್ ತೇಲಿದರೂ ಕೋಶಕ್ಕೆ ತೊಂದರೆ ಇಲ್ಲ. ಆ ಸಾಲನ್ನು ದಾಟಿ ಹಿಂಬದಿಗೆ ಬಂದರೆ ಮಾತ್ರ ಗಂಟೆ ಬಾರಿಸುತ್ತದೆ. ನಾಡ್ ಗ್ರಾಹಕಗಳು ಕೋಶದ ಒಳಗೇ ಇರುವುದಕ್ಕೂ ಇದೇ ಕಾರಣ. ಅಲ್ಲಿ ಬ್ಯಾಕ್ಟೀರಿಯಾದ ಚೂರು ಸಿಕ್ಕಿತೆಂದರೆ ಯಾರೋ ಒಳಗೆ ಬಂದಿದ್ದಾರೆ ಎಂದೇ ಅರ್ಥ.

ಎರಡನೆಯದು ಹಾನಿ. ಅಣು ಸಿಕ್ಕಿದ್ದರ ಜೊತೆಗೆ ಸುತ್ತಲಿನ ಕೋಶಗಳು ಒಡೆದಿವೆಯೇ, ಪೊರೆಯಲ್ಲಿ ತೂತು ಬಿದ್ದಿದೆಯೇ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸುಮ್ಮನೆ ಸಿಕ್ಕ ಎಲ್‌ಪಿಎಸ್‌ಗೂ, ಹರಿದ ಗೋಡೆಯ ಪಕ್ಕ ಸಿಕ್ಕ ಎಲ್‌ಪಿಎಸ್‌ಗೂ ಪ್ರತಿಕ್ರಿಯೆ ಒಂದೇ ಅಲ್ಲ.

ಮೂರನೆಯದು ಯಾರು ಹಿಡಿದರು ಎಂಬುದು. ರಕ್ತದಲ್ಲಿನ ಭಕ್ಷಕ ಕೋಶ ಎಲ್‌ಪಿಎಸ್ ಕಂಡರೆ ಕೂಡಲೇ ಉರಿಯೂತದ ರಾಸಾಯನಿಕ ಬಿಡುತ್ತದೆ. ಕರುಳಿನ ಗೋಡೆಯ ಕೆಳಗೆ ನೆಲೆಸಿದ ಭಕ್ಷಕ ಕೋಶ ಹಾಗಲ್ಲ. ಒಳಗೆ ಜಾರಿದ ಬ್ಯಾಕ್ಟೀರಿಯಾವನ್ನು ಅದು ತಿಂದುಹಾಕುತ್ತದೆ, ಗದ್ದಲ ಮಾಡುವುದಿಲ್ಲ. ದಿನವೂ ಒಂದಷ್ಟು ಬ್ಯಾಕ್ಟೀರಿಯಾ ಹೀಗೆ ಜಾರುತ್ತಲೇ ಇರುತ್ತವೆ. ಪ್ರತಿಯೊಂದಕ್ಕೂ ಗದ್ದಲ ಎದ್ದರೆ ಕರುಳು ಉಳಿಯುತ್ತಿರಲಿಲ್ಲ.

ಬ್ಯಾಕ್ಟೀರಿಯಾಗಳ ಎಲ್‌ಪಿಎಸ್ ಎಲ್ಲ ಒಂದೇ ಥರ ಇರುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ದೊಡ್ಡ ಕರುಳಿನಲ್ಲಿ ಹೇರಳವಾಗಿರುವ ಬ್ಯಾಕ್ಟೀರಾಯ್ಡಿಸ್‌ಗಳ ಎಲ್‌ಪಿಎಸ್‌ನಲ್ಲಿ ಕೊಬ್ಬಿನ ಸರಪಳಿ ಕಡಿಮೆ. ಟಿಎಲ್‌ಆರ್-4ಕ್ಕೆ ಅದು ಸರಿಯಾಗಿ ಹಿಡಿತ ಸಿಗುವುದಿಲ್ಲ. ಇ. ಕೋಲಿಯ ಎಲ್‌ಪಿಎಸ್ ಕೆರಳಿಸುವಷ್ಟು ಇವುಗಳದ್ದು ಕೆರಳಿಸುವುದಿಲ್ಲ.

ಆದ್ದರಿಂದ ‘ಒಳ್ಳೆಯ ಬ್ಯಾಕ್ಟೀರಿಯಾ’ ಎಂಬ ಮಾತನ್ನು ಸ್ವಲ್ಪ ಎಚ್ಚರದಿಂದ ಬಳಸಿ. ಅಪೆಂಡಿಕ್ಸ್ ಒಡೆದಾಗ ಹೊಟ್ಟೆಯೊಳಗೆ ಚೆಲ್ಲಿ ಪ್ರಾಣಕ್ಕೇ ಕುತ್ತು ತರುವುದು ಅದೇ ಮಾಮೂಲಿ ಬ್ಯಾಕ್ಟೀರಿಯಾ. ಜಾಗ ಬದಲಾಯಿತು, ಅಷ್ಟೇ.

6. ಹಾಗಾದರೆ ಟೊಳ್ಳಿನಲ್ಲಿರುವವನ್ನು ದೇಹ ನೋಡುವುದೇ ಇಲ್ವಾ?

ನೋಡುತ್ತದೆ, ನೋಡಲೇಬೇಕು. 2004ರಲ್ಲಿ ಸೇಥ್ ರಾಕಾಫ್-ನಹೂಮ್ ಮತ್ತು ಮೆಡ್‌ಜಿಟೊವ್ ಒಂದು ಪ್ರಯೋಗ ಮಾಡಿದರು. ಟೋಲ್ ಗ್ರಾಹಕಗಳ ಸುದ್ದಿ ಮುಟ್ಟಿಸುವ ಪ್ರೊಟೀನು ಇಲ್ಲದ ಇಲಿಗಳ ಕರುಳಿಗೆ ರಾಸಾಯನಿಕದಿಂದ ಗಾಯ ಮಾಡಿದರು. ಬ್ಯಾಕ್ಟೀರಿಯಾ ‘ಕಾಣದ’ ಕಾರಣ ಉರಿಯೂತ ಕಡಿಮೆ ಆಗಬೇಕು ಎಂದು ನಿಮಗೂ ಅನಿಸಬಹುದು. ಆದದ್ದು ಉಲ್ಟಾ. ಆ ಇಲಿಗಳೇ ಜಾಸ್ತಿ ಸತ್ತವು. ಆಂಟಿಬಯೋಟಿಕ್ ಕೊಟ್ಟು ಬ್ಯಾಕ್ಟೀರಿಯಾ ಖಾಲಿ ಮಾಡಿದ ಸಾಮಾನ್ಯ ಇಲಿಗಳದ್ದೂ ಅದೇ ಗತಿ. ಅಂದರೆ ಮಾಮೂಲಿ ಬ್ಯಾಕ್ಟೀರಿಯಾದಿಂದ ಬರುವ ಸಣ್ಣ ಸಣ್ಣ ಸೂಚನೆಗಳೇ ಗೋಡೆಯನ್ನು ದುರಸ್ತಿಯಲ್ಲಿ ಇಡುತ್ತಿದ್ದವು.

ನೋಡುವುದಕ್ಕೆ ಮೀಸಲಾದ ಜಾಗಗಳೂ ಇವೆ. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಪೇಯರ್ ತೇಪೆಗಳು ಎಂಬ ಉಬ್ಬುಗಳಿವೆ. ಸ್ವಿಟ್ಜರ್ಲೆಂಡಿನ ಯೋಹಾನ್ ಕಾನ್ರಾಡ್ ಪೇಯರ್ 1677ರಲ್ಲಿ ಇವನ್ನು ವಿವರಿಸಿದರು. ಅವುಗಳ ಮೇಲೆ ಎಂ ಕೋಶಗಳು ಕೂತಿರುತ್ತವೆ. ಅಲ್ಲಿ ಲೋಳೆ ತೆಳು. ಎಂ ಕೋಶ ಟೊಳ್ಳಿನಿಂದ ಒಂದೊಂದು ಬ್ಯಾಕ್ಟೀರಿಯಾವನ್ನು ಎತ್ತಿ, ಒಡೆಯದೆ, ಹಾಗೇ ಕೆಳಗಿನ ರಕ್ಷಣಾ ಕೋಶಗಳ ಕೈಗೆ ಕೊಡುತ್ತದೆ. ಪಡೆದುಕೊಳ್ಳುವುದು ಡೆಂಡ್ರಿಟಿಕ್ ಕೋಶ. ಅದು ಹತ್ತಿರದ ಲಿಂಫ್ ಗ್ರಂಥಿಗೆ ಹೋಗಿ, ತಾನು ಕಂಡದ್ದನ್ನು ಟಿ ಕೋಶಗಳು ಎಂಬ ಬಿಳಿ ರಕ್ತಕಣಗಳಿಗೆ ತೋರಿಸುತ್ತದೆ. ಈ ಕೋಶವನ್ನು 1973ರಲ್ಲಿ ಗುರುತಿಸಿದ ರಾಲ್ಫ್ ಸ್ಟೈನ್‌ಮನ್‌ಗೆ 2011ರ ನೊಬೆಲ್‌ನ ಅರ್ಧ ಭಾಗ ಬಂತು. ಘೋಷಣೆಗೆ ಮೂರು ದಿನ ಮೊದಲೇ ಅವರು ತೀರಿಕೊಂಡಿದ್ದರು. ಸಮಿತಿಗೆ ಅದು ಗೊತ್ತಿರಲಿಲ್ಲ, ಪ್ರಶಸ್ತಿ ಹಾಗೇ ಉಳಿಯಿತು.

7. ನೋಡಿ ಆದಮೇಲೆ ಏನು ಮಾಡುತ್ತದೆ?

ಬಹುತೇಕ ಸಲ ಐಜಿಎ ತಯಾರಿಸುತ್ತದೆ. ನಮ್ಮ ದೇಹ ಅತಿ ಹೆಚ್ಚು ತಯಾರಿಸುವ ಪ್ರತಿಕಾಯ ಇದೇ, ದಿನಕ್ಕೆ ಹಲವು ಗ್ರಾಂ. ಅದು ಲೋಳೆಯೊಳಗೆ ಇಳಿದು ಬ್ಯಾಕ್ಟೀರಿಯಾಕ್ಕೆ ಮೆತ್ತಿಕೊಳ್ಳುತ್ತದೆ, ಒಂದಕ್ಕೊಂದು ಅಂಟಿಸಿ ಮುದ್ದೆ ಮಾಡುತ್ತದೆ. ಮುದ್ದೆಯಾದದ್ದು ಗೋಡೆಗೆ ಅಂಟಲಾರದು. ಐಜಿಎ ಉರಿಯೂತ ಎಬ್ಬಿಸುವುದಿಲ್ಲ, ಕೊಲ್ಲುವುದೂ ಅಪರೂಪ. ದೂರ ಇಡುತ್ತದೆ. ಇದೇ ಐಜಿಎ ತಾಯಿಯ ಎದೆಹಾಲಿನಲ್ಲೂ ಇರುತ್ತದೆ, ಹೆರಿಗೆಯಾದ ಮೊದಲ ದಿನಗಳ ಹಳದಿ ಹಾಲಿನಲ್ಲಿ ತುಂಬಾ ಜಾಸ್ತಿ. ಆ ಹಾಲನ್ನು ಹಿಂಡಿ ಚೆಲ್ಲುವ ಪದ್ಧತಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ದಯವಿಟ್ಟು ಚೆಲ್ಲಬೇಡಿ. ಮಗುವಿನ ಕರುಳು ಸ್ವಂತ ಐಜಿಎ ಸಾಕಷ್ಟು ಮಾಡಲು ತಿಂಗಳುಗಳೇ ಬೇಕು, ಅಲ್ಲಿಯವರೆಗೆ ಅಮ್ಮನದ್ದೇ ಆಸರೆ.

8. ಅತಿಯಾಗಿ ಕೆರಳದಂತೆ ತಡೆಯುವವರು ಯಾರು?

ನಿಯಂತ್ರಕ ಟಿ ಕೋಶಗಳು. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಇವನ್ನು ಗುರುತಿಸಿದರು. ಇವುಗಳಿಗೆ ಫಾಕ್ಸ್‌ಪಿ-3 ಎಂಬ ಜೀನು ಬೇಕು. ಅದನ್ನು ಪತ್ತೆಹಚ್ಚಿದ ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಸಕಾಗುಚಿ 2025ರ ನೊಬೆಲ್ ಹಂಚಿಕೊಂಡರು. ಈ ಜೀನು ಕೆಟ್ಟು ಹುಟ್ಟಿದ ಗಂಡು ಮಕ್ಕಳಲ್ಲಿ ಮೊದಲ ತಿಂಗಳುಗಳಲ್ಲೇ ನಿಲ್ಲದ ಭೇದಿ ಶುರುವಾಗುತ್ತದೆ. ಕರುಳಿಗೆ ತಡೆ ಎಷ್ಟು ಮುಖ್ಯ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಈ ತಡೆ ಕೋಶಗಳು ಬೆಳೆಯಲು ಬ್ಯಾಕ್ಟೀರಿಯಾಗಳೇ ಸಹಾಯ ಮಾಡುತ್ತವೆ. ಟೋಕಿಯೊದ ಕೆನ್ಯಾ ಹೊಂಡಾ 2011ರಲ್ಲಿ ಕ್ಲಾಸ್ಟ್ರಿಡಿಯಂ ಗುಂಪಿನ ಕೆಲವು ನಿರಪಾಯಕಾರಿ ಬ್ಯಾಕ್ಟೀರಿಯಾ ಇಲಿಯ ದೊಡ್ಡ ಕರುಳಿನಲ್ಲಿ ನಿಯಂತ್ರಕ ಕೋಶಗಳನ್ನು ಹೆಚ್ಚಿಸುತ್ತವೆ ಎಂದು ತೋರಿಸಿದರು. 2013ರ ಹೊತ್ತಿಗೆ ಒಂದು ಕಾರಣವೂ ಸಿಕ್ಕಿತು. ನಾವು ಅರಗಿಸಲಾಗದ ನಾರನ್ನು ಅವು ಹುದುಗಿಸಿ ಬ್ಯುಟಿರೇಟ್ ಎಂಬ ಸಣ್ಣ ಆಮ್ಲ ಮಾಡುತ್ತವೆ. ಗೋಡೆಯ ಕೋಶಗಳಿಗೆ ಅದೇ ಆಹಾರ, ನಿಯಂತ್ರಕ ಕೋಶಗಳಿಗೆ ಅದೇ ಸೂಚನೆ.

9. ಟೈಫಾಯಿಡ್ ಬ್ಯಾಕ್ಟೀರಿಯಾ ಇಷ್ಟೆಲ್ಲ ದಾಟಿ ಹೇಗೆ ಒಳಗೆ ಹೋಗುತ್ತದೆ?

ನಮ್ಮೂರುಗಳಲ್ಲಿ ಟೈಫಾಯಿಡ್ ಕೇಳದ ಮನೆ ಇಲ್ಲ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾಲ್ಮೊನೆಲ್ಲಾ ಟೈಫಿ ಕೊಳಕು ನೀರು, ಆಹಾರದ ಮೂಲಕ ಬರುತ್ತದೆ. ಅದು ಆರಿಸಿಕೊಳ್ಳುವ ಒಂದು ಮುಖ್ಯ ದಾರಿ ಎಂ ಕೋಶ. ನೋಡಲೆಂದೇ ಇಟ್ಟ ಕಿಂಡಿಯಲ್ಲೇ ನುಗ್ಗುತ್ತದೆ. ಜೊತೆಗೆ ವಿಐ ಎಂಬ ಸಕ್ಕರೆ ಹೊದಿಕೆ ಹೊದ್ದುಕೊಳ್ಳುತ್ತದೆ. ಹೊದಿಕೆಯ ಅಡಿಯಲ್ಲಿ ಎಲ್‌ಪಿಎಸ್ ಮುಚ್ಚಿಹೋಗುತ್ತದೆ, ಟಿಎಲ್‌ಆರ್-4ಕ್ಕೆ ಸುಲಭಕ್ಕೆ ಸಿಗುವುದಿಲ್ಲ. ಹೀಗಾಗಿ ಮೊದಲ ದಿನಗಳಲ್ಲಿ ಕರುಳಿನಲ್ಲಿ ದೊಡ್ಡ ಗಲಾಟೆ ಏಳುವುದಿಲ್ಲ. ಎಷ್ಟೋ ಜನರಿಗೆ ಭೇದಿಯೇ ಇರುವುದಿಲ್ಲ, ಜ್ವರ ಮಾತ್ರ ದಿನೇ ದಿನೇ ಏರುತ್ತದೆ. ಅಷ್ಟರಲ್ಲಿ ಬ್ಯಾಕ್ಟೀರಿಯಾ ಭಕ್ಷಕ ಕೋಶಗಳ ಒಳಗೇ ಕೂತು ಯಕೃತ್ತು, ಗುಲ್ಮ, ಮೂಳೆಮಜ್ಜೆ ತಲುಪಿರುತ್ತದೆ.

ಚಿಕಿತ್ಸೆ ಇಲ್ಲದೆ ಮೂರನೇ ವಾರಕ್ಕೆ ಬಂದರೆ ಕರುಳು ತೂತಾಗುವ ಅಪಾಯ ಇದೆ. ತೂತು ಬೀಳುವುದು ಹೆಚ್ಚಾಗಿ ಆ ಪೇಯರ್ ತೇಪೆಗಳ ಜಾಗದಲ್ಲೇ.

ಟೈಫಾಯಿಡ್‌ಗೆಂದು ಮಾಡುವ ವಿಡಾಲ್ ರಕ್ತ ಟೆಸ್ಟಿನ ರಿಪೋರ್ಟಿನಲ್ಲಿ ‘ಓ’ ಮತ್ತು ‘ಎಚ್’ ಎಂದು ಇರುತ್ತದಲ್ಲ? ಓ ಎಂದರೆ ಎಲ್‌ಪಿಎಸ್ ವಿರುದ್ಧದ ಪ್ರತಿಕಾಯ, ಎಚ್ ಎಂದರೆ ಬಾಲದ ಫ್ಲಜೆಲಿನ್ ವಿರುದ್ಧದ್ದು. ಟಿಎಲ್‌ಆರ್-4, ಟಿಎಲ್‌ಆರ್-5 ನೋಡುವ ಅವೇ ಎರಡು ವಸ್ತುಗಳು! ಆದರೆ ಪ್ರತಿಕಾಯ ಹಳೆಯ ಸೋಂಕಿನಿಂದಲೂ ಉಳಿದಿರಬಹುದು, ಹತ್ತಿರದ ಬೇರೆ ಬ್ಯಾಕ್ಟೀರಿಯಾದಿಂದಲೂ ಬಂದಿರಬಹುದು. ಬರೀ ಒಂದು ವಿಡಾಲ್ ನೋಡಿ ಟೈಫಾಯಿಡ್ ಎಂದು ತೀರ್ಮಾನಿಸುವುದು ಸರಿಯಲ್ಲ. ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ಬ್ಲಡ್ ಕಲ್ಚರ್ (ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಮಾಡಿಸುವುದು ಒಳ್ಳೆಯದು.

ವಿಐ ಹೊದಿಕೆಯನ್ನೇ ಗುರಿ ಮಾಡಿದ ಲಸಿಕೆ ಈಗ ಇದೆ. ಹೈದರಾಬಾದಿನ ಭಾರತ್ ಬಯೋಟೆಕ್ ಮಾಡಿದ ಟೈಪ್‌ಬಾರ್ ಟಿಸಿವಿ ಇಂಥದ್ದು. ಆರು ತಿಂಗಳ ಮಗುವಿನಿಂದಲೇ ಕೊಡಬಹುದು. ಮಕ್ಕಳ ಡಾಕ್ಟರನ್ನು ಕೇಳಿ ನೋಡಿ.

10. ಕಾಲರಾದಲ್ಲಿ ಅಷ್ಟು ಭೇದಿ ಆಗುತ್ತದೆ, ದೇಹ ಸುಮ್ನೆ ಯಾಕಿರುತ್ತದೆ?

ಕಾಲರಾ ಬ್ಯಾಕ್ಟೀರಿಯಾ ಗೋಡೆಯನ್ನು ಒಡೆಯುವುದಿಲ್ಲ, ದಾಟುವುದಿಲ್ಲ. ಮೇಲೆ ಅಂಟಿಕೊಂಡು ಒಂದು ವಿಷ ಬಿಡುತ್ತದೆ, ಅಷ್ಟೇ. ಕಲ್ಕತ್ತಾದ ಶಂಭುನಾಥ್ ಡೇ 1959ರಲ್ಲಿ ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ದ್ರವ ಮಾತ್ರದಿಂದಲೇ ಕರುಳಿನಲ್ಲಿ ನೀರು ತುಂಬುತ್ತದೆ ಎಂದು ಮೊಲಗಳಲ್ಲಿ ತೋರಿಸಿದರು. ವಿಷ ತಾಗಿದ ಕೋಶ ಉಪ್ಪು, ನೀರನ್ನು ಹೊರಗೆ ಸುರಿಸುತ್ತಲೇ ಇರುತ್ತದೆ. ಗೋಡೆ ಇದ್ದ ಹಾಗೇ ಇರುವುದರಿಂದ ಉರಿಯೂತ ಕಡಿಮೆ. ಅಕ್ಕಿ ತೊಳೆದ ನೀರಿನಂಥ ಮಲ, ರಕ್ತ ಇಲ್ಲ, ಕೀವು ಇಲ್ಲ. ಅದಕ್ಕೇ ಇಲ್ಲಿ ಜೀವ ಉಳಿಸುವುದು ಒಆರ್‌ಎಸ್. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಬಿಸ್ ಉಪ್ಪು-ಸಕ್ಕರೆಯ ದ್ರಾವಣ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು.

11. ಉರಿಯೂತ ಬಂದರೆ ಬ್ಯಾಕ್ಟೀರಿಯಾ ಸೋಲುತ್ತದೆ ಅಲ್ವಾ?

ಯಾವಾಗಲೂ ಇಲ್ಲ. ಫುಡ್ ಪಾಯ್ಸನ್ ತರುವ ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ ಉರಿಯೂತವನ್ನು ಬೇಕೆಂದೇ ಎಬ್ಬಿಸುತ್ತದೆ. ಕೆರಳಿದ ಬಿಳಿ ರಕ್ತಕಣಗಳು ಬಿಡುವ ಆಕ್ಸಿಜನ್ ಸಂಯುಕ್ತಗಳು ಕರುಳಿನ ಗಂಧಕದ ಜೊತೆ ಸೇರಿ ಟೆಟ್ರಾಥಯೊನೇಟ್ ಆಗುತ್ತದೆ. ಸಾಲ್ಮೊನೆಲ್ಲಾ ಅದನ್ನು ಬಳಸಿ ಉಸಿರಾಡಬಲ್ಲದು, ಕರುಳಿನ ಮಾಮೂಲಿ ಬ್ಯಾಕ್ಟೀರಿಯಾಕ್ಕೆ ಅದು ಆಗುವುದಿಲ್ಲ. ಗದ್ದಲದಲ್ಲಿ ಅದರದ್ದೇ ಮೇಲುಗೈ. ಕ್ಯಾಲಿಫೋರ್ನಿಯಾದ ಆ್ಯಂಡ್ರಿಯಾಸ್ ಬಾಯ್ಮ್ಲರ್ ತಂಡ ಇದನ್ನು 2010ರಲ್ಲಿ ಹೊರಗೆಡವಿತು.

12. ಕ್ರೋನ್ಸ್ ಕಾಯಿಲೆಗೂ ಇದಕ್ಕೂ ಏನು ಸಂಬಂಧ?

ಕ್ರೋನ್ಸ್ ಎಂದರೆ ಕರುಳಿನಲ್ಲಿ ಉರಿಯೂತ ಬಹುಕಾಲ ಉಳಿಯುವ ಕಾಯಿಲೆ. 2001ರಲ್ಲಿ ಎರಡು ತಂಡಗಳು ಏಕಕಾಲಕ್ಕೆ ಕಂಡುಕೊಂಡದ್ದು ಇದು: ನಾಡ್-2 ಜೀನಿನಲ್ಲಿ ಕೆಲವು ದೋಷಗಳಿದ್ದರೆ ಕ್ರೋನ್ಸ್ ಬರುವ ಸಂಭವ ಹೆಚ್ಚು. ಯೋಚಿಸಿ ನೋಡಿ. ನಾಡ್-2 ಬ್ಯಾಕ್ಟೀರಿಯಾ ಗುರುತಿಸುವ ಗ್ರಾಹಕ. ಅದು ಜಾಸ್ತಿ ಕೆಲಸ ಮಾಡಿದ್ದರಿಂದಲ್ಲ, ಸರಿಯಾಗಿ ಕೆಲಸ ಮಾಡದ್ದರಿಂದ ಉರಿಯೂತ ಬರುತ್ತಿದೆ. ಸಮಯಕ್ಕೆ ಸರಿಯಾಗಿ ಕಾಣದಿದ್ದರೆ ಸಣ್ಣದಾಗಿ ಮುಗಿಯಬೇಕಾದದ್ದು ದೊಡ್ಡದಾಗುತ್ತದೆ ಎಂಬುದು ಒಂದು ವಿವರಣೆ.

ದೋಷ ಇದ್ದವರಲ್ಲೂ ಬಹುಪಾಲು ಜನರಿಗೆ ಕಾಯಿಲೆ ಬರುವುದೇ ಇಲ್ಲ. ಯುರೋಪಿನವರಲ್ಲಿ ಕಂಡ ಆ ಮುಖ್ಯ ದೋಷಗಳು ಜಪಾನೀಯರಲ್ಲಿ, ಭಾರತೀಯರಲ್ಲಿ ಅಪರೂಪ. ಆದರೂ ನಮ್ಮಲ್ಲಿ ಕ್ರೋನ್ಸ್ ಇದೆ. ಹಾಗಾಗಿ ಆ ಜೀನ್ ಟೆಸ್ಟ್ ಮಾಡಿಸಲು ದುಡ್ಡು ಸುರಿಯುವ ಅಗತ್ಯ ಸಾಮಾನ್ಯವಾಗಿ ಇಲ್ಲ.

13. ಆಂಟಿಬಯೋಟಿಕ್ ತಗೊಂಡರೆ ಈ ವ್ಯವಸ್ಥೆಗೆ ಏನಾಗುತ್ತದೆ?

ಬ್ಯಾಕ್ಟೀರಿಯಾ ಸತ್ತು ಜಾಗ ಖಾಲಿಯಾಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಅಷ್ಟೇ ಮುಖ್ಯವಾದ ಇನ್ನೊಂದು ವಿಷಯ ಇದೆ. ಬ್ಯಾಕ್ಟೀರಿಯಾ ಕಡಿಮೆಯಾದರೆ ಟೋಲ್ ಗ್ರಾಹಕಗಳಿಗೆ ಸೂಚನೆ ಕಡಿಮೆ, ಸೂಚನೆ ಕಡಿಮೆಯಾದರೆ ಎರಡನೇ ಪ್ರಶ್ನೆಯಲ್ಲಿ ಹೇಳಿದ ರೆಗ್-3 ಗಾಮಾ ಕೂಡ ಕಡಿಮೆ. 2008ರಲ್ಲಿ ಎರಿಕ್ ಪಾಮರ್ ತಂಡ ಇಲಿಗಳಲ್ಲಿ ಇದನ್ನು ತೋರಿಸಿತು. ಆಂಟಿಬಯೋಟಿಕ್ ಕೊಟ್ಟ ಇಲಿಗಳ ಕರುಳಿನಲ್ಲಿ ಔಷಧಕ್ಕೆ ಬಗ್ಗದ ಎಂಟೆರೊಕಾಕಸ್ ಎಂಬ ಬ್ಯಾಕ್ಟೀರಿಯಾ ಬೇರೂರಿತು. ಆದರೆ ಬಾಯಿಯ ಮೂಲಕ ಬರೀ ಎಲ್‌ಪಿಎಸ್ ಕೊಟ್ಟಾಗ ರೆಗ್-3 ಗಾಮಾ ಮತ್ತೆ ಏರಿತು, ಎಂಟೆರೊಕಾಕಸ್ ಇಳಿಯಿತು. ಜೀವಂತ ಬ್ಯಾಕ್ಟೀರಿಯಾ ಬೇಕಾಗಲಿಲ್ಲ, ಅದರ ಸುಳಿವು ಸಾಕಾಯಿತು. ಇದನ್ನು ಓದಿ ಯಾರೂ ಎಲ್‌ಪಿಎಸ್ ಕುಡಿಯಲು ಹೋಗಬೇಡಿ. ನೆಗಡಿಗೆ, ವೈರಲ್ ಜ್ವರಕ್ಕೆ ಮೆಡಿಕಲ್ ಶಾಪಿನಲ್ಲಿ ಕೇಳಿ ಆಂಟಿಬಯೋಟಿಕ್ ನುಂಗುವುದನ್ನು ಬಿಟ್ಟರೆ ಸಾಕು. ಡಾಕ್ಟರು ಬರೆದುಕೊಟ್ಟದ್ದನ್ನು ಮಾತ್ರ ಅರ್ಧಕ್ಕೆ ನಿಲ್ಲಿಸಬೇಡಿ.

14. ಮೊಸರು, ಮಜ್ಜಿಗೆ, ಹುದುಗಿದ ಹಿಟ್ಟು ಇವುಗಳಿಂದ ಏನಾದರೂ ಉಪಯೋಗ ಇದೆಯಾ?

ಇದೆ, ಆದರೆ ಜಾಹೀರಾತು ಹೇಳುವಷ್ಟಲ್ಲ. ಹೆಪ್ಪು ಹಾಕಿದ ಮೊಸರಿನಲ್ಲಿ ಜೀವಂತ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಇರುತ್ತವೆ. ಅವು ಕರುಳಿನಲ್ಲಿ ಹೆಚ್ಚಾಗಿ ನೆಲೆಸುವುದಿಲ್ಲ, ಹಾದುಹೋಗುತ್ತವೆ. ಹೋಗುವಾಗ ಗ್ರಾಹಕಗಳಿಗೆ ಕಾಣಿಸಿಕೊಳ್ಳುತ್ತವೆ. ಇಡ್ಲಿ, ದೋಸೆ ಹಿಟ್ಟಿನ ಬ್ಯಾಕ್ಟೀರಿಯಾ ಬೇಯುವಾಗ ಸಾಯುತ್ತವೆ, ಅವುಗಳ ಗೋಡೆಯ ಚೂರುಗಳು ಮಾತ್ರ ಹೊಟ್ಟೆ ಸೇರುತ್ತವೆ.

ಸ್ಟ್ಯಾನ್‌ಫರ್ಡ್‌ನಲ್ಲಿ 36 ಆರೋಗ್ಯವಂತ ವಯಸ್ಕರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಹತ್ತು ವಾರ ಹುದುಗಿದ ಆಹಾರ ಜಾಸ್ತಿ ತಿಂದವರಲ್ಲಿ ಬ್ಯಾಕ್ಟೀರಿಯಾ ಬಗೆಗಳು ಹೆಚ್ಚಿದವು, ಉರಿಯೂತಕ್ಕೆ ಸಂಬಂಧಿಸಿದ 19 ಪ್ರೊಟೀನುಗಳು ಇಳಿದವು. ಸಣ್ಣ ಅಧ್ಯಯನ, ಆದರೆ ಭರವಸೆ ಕೊಡುವಂಥದ್ದು. ಮನೆಯ ಮಜ್ಜಿಗೆ ಬಿಟ್ಟು ದುಬಾರಿ ಕ್ಯಾಪ್ಸೂಲ್ ಕೊಳ್ಳಿ ಎಂದು ನಾನಂತೂ ಹೇಳುವುದಿಲ್ಲ.

15. ನಾರಿನಂಶ ತಿನ್ನಿ ಅಂತ ಯಾಕೆ ಇಷ್ಟು ಹೇಳುತ್ತಾರೆ?

ನಾರು ಸಿಗದಿದ್ದರೆ ಕೆಲವು ಬ್ಯಾಕ್ಟೀರಿಯಾ ಲೋಳೆಯ ಸಕ್ಕರೆಯನ್ನೇ ತಿನ್ನಲು ಶುರು ಮಾಡುತ್ತವೆ. ಮಹೇಶ್ ದೇಸಾಯಿ, ಎರಿಕ್ ಮಾರ್ಟೆನ್ಸ್ ಮತ್ತು ಸಂಗಡಿಗರು 2016ರಲ್ಲಿ ಇದನ್ನು ಇಲಿಗಳಲ್ಲಿ ಕಂಡರು. ನಾರಿಲ್ಲದ ಆಹಾರದಲ್ಲಿದ್ದ ಇಲಿಗಳ ಲೋಳೆ ತೆಳುವಾಯಿತು, ರೋಗ ತರುವ ಬ್ಯಾಕ್ಟೀರಿಯಾ ಸುಲಭವಾಗಿ ಗೋಡೆ ಮುಟ್ಟಿತು. ಎರಡನೇ ಪ್ರಶ್ನೆಯಲ್ಲಿ ಹೇಳಿದ ಆ ಅಂತರ ಉಳಿಯುವುದು ಊಟದ ತಟ್ಟೆಯಿಂದಲೂ ಹೌದು. ರಾಗಿ, ಜೋಳ, ಹುರುಳಿ, ಅವರೆ, ಸೊಪ್ಪು ನಮ್ಮಲ್ಲಿ ಬರಗಾಲ ಇಲ್ಲವಲ್ಲ.

16. ‘ರೋಗನಿರೋಧಕ ಶಕ್ತಿಯ ಶೇ. 70 ಕರುಳಿನಲ್ಲಿದೆ’ ಎನ್ನುವುದು ನಿಜವೇ?

ಹಾಗೆ ಹೇಳುವುದು ತಪ್ಪು. 2023ರಲ್ಲಿ ಮಿಲೊ ತಂಡದವರೇ ದೇಹದ ರಕ್ಷಣಾ ಕೋಶಗಳನ್ನು ಲೆಕ್ಕ ಹಾಕಿದರು. ಒಟ್ಟು ಸುಮಾರು 1.8 ಲಕ್ಷ ಕೋಟಿ, ತೂಕ ಸುಮಾರು 1.2 ಕಿಲೊ. ಹೆಚ್ಚಿನವು ಮೂಳೆಮಜ್ಜೆ, ಲಿಂಫ್ ಗ್ರಂಥಿ, ಗುಲ್ಮದಂಥ ಕಡೆ ಇವೆ. ಆದರೆ ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳನ್ನು ಮಾತ್ರ ತೆಗೆದುಕೊಂಡರೆ, ಅವುಗಳಲ್ಲಿ ಹೆಚ್ಚಿನ ಪಾಲು ಕರುಳಿನಲ್ಲೇ ಇದೆ. ಆ ಐಜಿಎ ಎಲ್ಲಾ ಎಲ್ಲಿಂದಲೋ ಬರಬೇಕಲ್ಲ.

17. ಬಾಯಿಗೆ ಹಾಕುವ ಲಸಿಕೆ ನಮ್ಮ ಮಕ್ಕಳಲ್ಲಿ ಕಡಿಮೆ ಕೆಲಸ ಮಾಡುತ್ತದಂತೆ, ಹೌದಾ?

ಶ್ರೀಮಂತ ದೇಶಗಳಿಗೆ ಹೋಲಿಸಿದರೆ ಹೌದು. ಇಲ್ಲಿ ಮಾತು ಬ್ಯಾಕ್ಟೀರಿಯಾ ಬಿಟ್ಟು ವೈರಸ್ಸಿಗೆ ಹೋಗುತ್ತದೆ, ಆದರೆ ಕರುಳು ಅದೇ. ಭಾರತದಲ್ಲೇ ತಯಾರಾದ ರೋಟಾವ್ಯಾಕ್ ಮೊದಲ ವರ್ಷದಲ್ಲಿ ತೀವ್ರ ರೋಟಾವೈರಸ್ ಭೇದಿಯನ್ನು ಸುಮಾರು ಶೇ. 56ರಷ್ಟು ತಡೆಯಿತು. ಶ್ರೀಮಂತ ದೇಶಗಳಲ್ಲಿ ಇಂಥ ಲಸಿಕೆಗಳು ಶೇ. 85ಕ್ಕೂ ಮೇಲೆ ತಡೆಯುತ್ತವೆ. ಪೋಲಿಯೊ ಹನಿಯನ್ನೂ ನಮ್ಮ ಮಕ್ಕಳಿಗೆ ಮತ್ತೆ ಮತ್ತೆ ಹಾಕಬೇಕಾಯಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಗಗನ್‌ದೀಪ್ ಕಾಂಗ್ ಮತ್ತು ಸಹೋದ್ಯೋಗಿಗಳು ಈ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ತಾಯಿಯಿಂದ ಬಂದ ಪ್ರತಿಕಾಯ ಲಸಿಕೆಗೆ ಅಡ್ಡ ಬರುವುದು ಒಂದು ಕಾರಣ. ಇನ್ನೊಂದು, ಕೊಳಕು ನೀರು ಮತ್ತು ಬಯಲು ಶೌಚ ಇರುವ ಕಡೆ ಮಗುವಿನ ಕರುಳು ಹುಟ್ಟಿನಿಂದಲೇ ಸೋಂಕುಗಳಿಗೆ ಒಡ್ಡಿಕೊಂಡು ಸದಾ ಸ್ವಲ್ಪ ಕೆರಳಿರುತ್ತದೆ.

ಶೇ. 56 ಕಡಿಮೆ ಅನಿಸಬಹುದು. ಕಾಯಿಲೆ ಇಷ್ಟು ವ್ಯಾಪಕವಾಗಿರುವ ಕಡೆ ಅಷ್ಟೇ ಪ್ರಮಾಣ ತುಂಬಾ ಮಕ್ಕಳನ್ನು ಆಸ್ಪತ್ರೆಯಿಂದ ದೂರ ಇಡುತ್ತದೆ. ಲಸಿಕೆ ತಪ್ಪಿಸಬೇಡಿ.

18. ನನ್ನ ಕರುಳಿನಲ್ಲಿ ಉರಿಯೂತ ಇದೆಯಾ ಅಂತ ತಿಳಿಯಲು ಪರೀಕ್ಷೆ ಇದೆಯಾ?

ಇದೆ. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ. ಇದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಒಳಗೆ ತುಂಬಿರುವ ಪ್ರೊಟೀನು. ಬ್ಯಾಕ್ಟೀರಿಯಾಕ್ಕೆ ಬೇಕಾದ ಸತು, ಮ್ಯಾಂಗನೀಸ್ ಅನ್ನು ಹಿಡಿದಿಟ್ಟು ಅವನ್ನು ಉಪವಾಸ ಕೆಡವುವುದು ಅದರ ಕೆಲಸ. ಕರುಳಿಗೆ ನ್ಯೂಟ್ರೋಫಿಲ್‌ಗಳು ನುಗ್ಗಿದ್ದರೆ ಮಲದಲ್ಲಿ ಇದು ಏರಿರುತ್ತದೆ. ಮೇಲಿಂದ ಮೇಲೆ ಹೊಟ್ಟೆನೋವು, ಭೇದಿ ಇರುವವರಲ್ಲಿ ಅದು ಐಬಿಎಸ್ (ಉರಿಯೂತ ಇಲ್ಲದೆಯೇ ಕರುಳು ತೊಂದರೆ ಕೊಡುವ ಸ್ಥಿತಿ) ಇರಬಹುದೋ ಅಥವಾ ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್‌ನಂಥ ಉರಿಯೂತದ ಕಾಯಿಲೆಯೋ ಎಂದು ವಿಂಗಡಿಸಲು ಡಾಕ್ಟರರಿಗೆ ಇದು ನೆರವಾಗುತ್ತದೆ. ಸೋಂಕಿನಲ್ಲೂ, ಕೆಲವು ನೋವಿನ ಮಾತ್ರೆಗಳಿಂದಲೂ ಏರಬಹುದು, ಹಾಗಾಗಿ ರಿಪೋರ್ಟನ್ನು ನೀವೇ ಓದಿ ಹೆದರಬೇಡಿ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಮೂರು ದಿನ ದಾಟಿದ ಜ್ವರ ಇವುಗಳಲ್ಲಿ ಒಂದಿದ್ದರೂ ಕಾಯದೆ ಡಾಕ್ಟರ ಹತ್ತಿರ ಹೋಗಿ. ಸಣ್ಣ ಮಗುವಿಗೆ ಭೇದಿಯಾಗಿ ಕಣ್ಣು ಗುಳಿಬಿದ್ದಿದ್ದರೆ, ಉಚ್ಚೆ ಕಡಿಮೆಯಾಗಿದ್ದರೆ ಅಥವಾ ಕುಡಿಯಲೂ ಆಗದಷ್ಟು ಸುಸ್ತಾಗಿದ್ದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ದಾರಿಯುದ್ದಕ್ಕೂ ಚಮಚದಲ್ಲಿ ಒಆರ್‌ಎಸ್ ಕುಡಿಸುತ್ತಾ ಇರಿ.